ಹಿಂದಿ ಬಾರದವಳು ಹೇಳಿದ ರಕ್ತದ ಕತೆ

ನಮ್ಮ ಮನೆಯ ಟಿ.ವಿ.ಗೆ ಅಮ್ಮ ತನ್ನ ಹಳೆಯ ಸೀರೆಯ ಸೆರಗಿನಿಂದ ಗವಸು ಹೊಲಿದಿದ್ದಳು. ಭಾನುವಾರ ಬೆಳಿಗ್ಗೆ ಆ ಗವಸನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಡುವುದು ನನ್ನ ಹಕ್ಕು. ಆ ಹಕ್ಕನ್ನು ನಾನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ತೊಂಬತ್ತರ ದಶಕದ ನಡುಭಾಗದ ಮಾತಿದು. ಅಪ್ಪ ಗೋಣಿಬೀಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಹಿಡಿಯುವುದು, ಯಾರು ಯಾವ ಕೆಲಸಕ್ಕೆಂದು ಹಂಚುವುದು ಅವರ ಪಾಲಿನದು. ಎರಡು ಕೋಣೆಯ ನಮ್ಮ ಕ್ವಾರ್ಟರ್ಸಿನಲ್ಲಿ ಆ ಕಪ್ಪು-ಬಿಳುಪು ಪೆಟ್ಟಿಗೆಯೇ ದೊಡ್ಡ ಆಸ್ತಿ.

ಮನುಷ್ಯನ ಮೈಯೊಳಗೇ ಒಂದು ಊರಿದೆ ಎಂದು ತೋರಿಸುವ ಕಾರ್ಟೂನುಗಳು ಆಗ ಬರುತ್ತಿದ್ದವು. ನಿಮ್ಮಲ್ಲೂ ಕೆಲವರಿಗೆ ಅಂಥದ್ದೊಂದು ನೆನಪಿರಬಹುದು. ನಾನು ನೋಡುತ್ತಿದ್ದುದರಲ್ಲಿ ರಕ್ತದ ಕೆಂಪು ಕಣಗಳೆಲ್ಲ ಗಿಡ್ಡ ಕಾಲಿನ ಹೊರೆಯಾಳುಗಳು. ಶ್ವಾಸಕೋಶವೆಂಬ ಗೋದಾಮಿನಲ್ಲಿ ಗಾಳಿಯ ಮೂಟೆಗಳನ್ನು ತಲೆಯ ಮೇಲೆ ಹೊತ್ತು, ರಕ್ತನಾಳಗಳ ಓಣಿಗಳಲ್ಲಿ ಸಾಲಾಗಿ ನಡೆದು, ಮನೆಮನೆಗೂ ಹಂಚಿ ಬರುತ್ತಿದ್ದವು. ಬಿಳಿ ಕಣಗಳು ಲಾಠಿ ಹಿಡಿದ ಕಾವಲುಗಾರರು. ನಮ್ಮ ಪರದೆಯ ಮೇಲೆ ಕೆಂಪಿನವೂ ಬೂದಿ, ಬಿಳಿಯವೂ ಬೂದಿ. ಮೂಟೆ ಹೊತ್ತವರು ಯಾರು, ಲಾಠಿ ಹಿಡಿದವರು ಯಾರು ಎಂಬುದರ ಮೇಲೆಯೇ ನಾವು ಅವರನ್ನು ಗುರುತಿಸಬೇಕಿತ್ತು. ದುಡಿಯುವವರನ್ನು ಬಣ್ಣದಿಂದಲ್ಲ, ಕೆಲಸದಿಂದ ಗುರುತಿಸುವ ಪಾಠ ನನಗೆ ಹೀಗೆ ತಾನಾಗಿ ಆಯಿತೆಂದು ಈಗ ಅನ್ನಿಸುತ್ತದೆ.

ತೊಡಕೆಂದರೆ ಕಾರ್ಟೂನು ಹಿಂದಿಯಲ್ಲಿತ್ತು. ನಾನು ಆರನೇ ಕ್ಲಾಸು. ಹಿಂದಿಯಲ್ಲಿ ಅಕ್ಷರಮಾಲೆ ಮತ್ತು ಹತ್ತಿಪ್ಪತ್ತು ಹಣ್ಣು ತರಕಾರಿಗಳ ಹೆಸರು ಮಾತ್ರ ಬರುತ್ತಿತ್ತು. ಆದರೂ ಟಿ.ವಿ. ನೋಡಲು ಆಳುಗಳ ಮನೆಸಾಲಾದ ಕೂಲಿ ಲೈನಿನಿಂದ ಬರುವವರಿಗೆ ಅರ್ಥ ಹೇಳುವವಳು ನಾನೇ. ಅವರಲ್ಲಿ ಒಂದು ವಾರವೂ ತಪ್ಪಿಸದವಳು ಶೇಷಕ್ಕ. ನಲವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳು ರತ್ನಳನ್ನು ಕೊಟ್ಟಿಗೆಹಾರದ ಕಡೆಗೆ ಮದುವೆ ಮಾಡಿಕೊಟ್ಟಿದ್ದಳು. ಬಾಗಿಲ ಪಕ್ಕದ ಗೋಡೆಗೆ ಒರಗಿ, ಕಾಲು ನೀಡಿ ಕೂತು, ಆ ಹೊರೆಯಾಳುಗಳನ್ನೇ ಕಣ್ಣಿಟ್ಟು ನೋಡುತ್ತಿದ್ದಳು.

“ಇವ್ರಿಗೆ ವಾರದ ರಜಾ ಇಲ್ವಾ ಅಮ್ಮಣ್ಣಿ?” ಎಂದು ಒಮ್ಮೆ ಕೇಳಿದಳು.

“ಇಲ್ಲ. ಅವ್ರು ನಿಂತ್ರೆ ನಾವು ಸತ್ತೇಹೋಗ್ತೀವಿ.”

“ಪಾಪ,” ಎಂದಳು ಶೇಷಕ್ಕ.

ಇನ್ನೊಂದು ಭಾನುವಾರ ಪರದೆಯ ಮೇಲೆ ಮೂಳೆಯೊಳಗಿನ ಒಂದು ಗೂಡಿನಿಂದ ಪುಟ್ಟ ಪುಟ್ಟ ಹೊರೆಯಾಳುಗಳು ಸಾಲಾಗಿ ಹೊರಗೆ ಬರುತ್ತಿದ್ದರು. ಗಾಳಿಗೆ ಆಂಟೆನಾ ತಿರುಗಿ, ಮಾತಿನ ಬದಲು ಬರೀ ಸರಸರ ಸದ್ದು. ಹೊಸ ರಕ್ತ ಅಲ್ಲಿ ಹುಟ್ಟುತ್ತದೆ ಎಂದು ನಾನು ಊಹಿಸಿ ಹೇಳಿದೆ. ಶೇಷಕ್ಕ ತುಸು ಮುಂದಕ್ಕೆ ಬಾಗಿದಳು. “ಹಂಗಾದ್ರೆ ಮೈಯಿಂದ ರಕ್ತ ಹೋದ್ರೆ ಮತ್ತೆ ಬರುತ್ತಾ?”

“ಒಂದೇ ವಾರದಲ್ಲಿ ಬರುತ್ತೆ. ಎಷ್ಟು ಹೋದ್ರೆ ಅಷ್ಟೂ ಬರುತ್ತೆ,” ಎಂದುಬಿಟ್ಟೆ. ಆ ಒಂದು ವಾರ ನನಗೆ ಎಲ್ಲಿಂದ ಸಿಕ್ಕಿತೋ ಇವತ್ತಿಗೂ ತಿಳಿಯದು. ಕೇಳುವವರು ಬಾಯಿ ಬಿಟ್ಟುಕೊಂಡು ಕೂತಿರುವಾಗ ಗೊತ್ತಿಲ್ಲ ಎನ್ನುವುದಕ್ಕೆ ಬೇಕಾದ ಧೈರ್ಯ, ಸುಳ್ಳು ಹೇಳುವುದಕ್ಕೆ ಬೇಡ.

ಅದಾಗಿ ತಿಂಗಳೊಪ್ಪತ್ತಿನಲ್ಲಿ, ಹಣ್ಣು ಕೊಯ್ಲು ನಡೆಯುತ್ತಿದ್ದ ದಿನಗಳಲ್ಲಿ, ಚೊಚ್ಚಲ ಬಾಣಂತನಕ್ಕೆ ತಾಯಿಮನೆಗೆ ಬಂದಿದ್ದ ರತ್ನಳಿಗೆ ಬೆಳಗಿನ ಜಾವ ಹೆರಿಗೆ ನೋವು ಶುರುವಾಯಿತು. ಎಸ್ಟೇಟಿನ ಜೀಪಿನಲ್ಲಿ ಮೂಡಿಗೆರೆಗೆ ಕರೆದೊಯ್ದರು. ಅಲ್ಲಿಂದ ಚಿಕ್ಕಮಗಳೂರಿಗೆ ಕಳಿಸಿದರು. ಜೊತೆಗೆ ಅಪ್ಪನೂ ಹೋಗಿದ್ದರು. ಮರುದಿನ ಮಧ್ಯಾಹ್ನ ಹಿಂತಿರುಗಿ, ಅಮ್ಮ ಬಡಿಸಿದ ಊಟ ಮಾಡುತ್ತ ನಡೆದುದನ್ನೆಲ್ಲ ಹೇಳಿದರು. ಹೆಣ್ಣುಮಗು ಹುಟ್ಟಿತ್ತು, ಆದರೆ ರತ್ನಳಿಗೆ ರಕ್ತ ಬಹಳ ಹೋಗಿತ್ತು. ಆಸ್ಪತ್ರೆಯಲ್ಲಿದ್ದ ರಕ್ತವನ್ನು ಅವಳಿಗೆ ಕೊಡುತ್ತೇವೆ, ಬದಲಿಗೆ ನಿಮ್ಮ ಕಡೆಯವರೊಬ್ಬರು ಕೊಡಬೇಕೆಂದರಂತೆ. ಸುದ್ದಿ ತಿಳಿದು ಬಂದಿದ್ದ ರತ್ನಳ ಗಂಡ ಹಿಂದೆ ಸರಿದನಂತೆ. ರಕ್ತ ಕೊಟ್ಟ ಮೈ ಮತ್ತೆ ದುಡಿಮೆಗೆ ಬರುವುದಿಲ್ಲ, ಆಯಸ್ಸೂ ಕಡಿಮೆಯಾಗುತ್ತದೆ ಎಂದು ಅವನ ಭಯ. ಅತ್ತೆ ಶೇಷಕ್ಕನೂ ಕೊಡಬಾರದೆಂದು ಅವನು ಹಟ ಹಿಡಿದನಂತೆ. ಅಪ್ಪ ತಾನು ಕೊಡುತ್ತೇನೆಂದು ಏಳುವಷ್ಟರಲ್ಲಿ ಶೇಷಕ್ಕ ಆಗಲೇ ನರ್ಸಿನ ಹಿಂದೆ ಹೊರಟಿದ್ದಳಂತೆ.

“ಕೊಟ್ಟ ರಕ್ತ ಒಂದು ವಾರದಲ್ಲಿ ವಾಪಸ್ ಬರುತ್ತೆ, ನಾನು ಟಿ.ವಿ.ಲಿ ನೋಡಿದೀನಿ, ರೈಟ್ರ ಮಗಳೇ ಅರ್ಥ ಹೇಳಿದಾಳೆ, ಅಂದ್ಲು,” ಎಂದು ಹೇಳಿ ಅಪ್ಪ ನನ್ನ ಕಡೆ ಮೆಚ್ಚುಗೆಯಿಂದ ನೋಡಿದರು.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಾನೇ ಕಟ್ಟಿದ ಒಂದು ಮಾತನ್ನು ನಂಬಿ ಒಬ್ಬ ಹೆಂಗಸು ಸೂಜಿಗೆ ಕೈ ಒಡ್ಡಿದ್ದಳು. ರಕ್ತ ಮತ್ತೆ ಹುಟ್ಟುವುದೇ ಇಲ್ಲವಾದರೆ? ಸೋಮವಾರ ವಿಜ್ಞಾನದ ಮೇಷ್ಟ್ರನ್ನು ವರಾಂಡದಲ್ಲಿ ತಡೆದು ಕೇಳಿದೆ. ಹುಟ್ಟುತ್ತದೆ ಎಂದರು; ನನಗೆ ಹೋದ ಜೀವ ಬಂತು. ವಾರ ಸಾಕಲ್ಲವೇ ಎಂದೆ. “ನೀರಿನ ಅಂಶ ಒಂದೆರಡು ದಿನದಲ್ಲಿ ತುಂಬುತ್ತೆ. ಕೆಂಪು ಕಣ ತುಂಬೋಕೆ ತಿಂಗಳ ಮೇಲೆ ಬೇಕು. ಅಲ್ಲೀವರೆಗೆ ಚೆನ್ನಾಗಿ ಉಣ್ಬೇಕು, ತೀರಾ ಭಾರದ ಕೆಲಸ ಮಾಡ್ಬಾರ್ದು,” ಎಂದರು.

ಸರಿಯಾಗಿ ಒಂದು ವಾರ ಕಳೆದ ದಿನ, ರತ್ನಳನ್ನೂ ಮಗುವನ್ನೂ ಮನೆಗೆ ಕರೆತಂದು, ಶೇಷಕ್ಕ ಕೆಲಸಕ್ಕೆ ಬಂದಳು. ಶಾಲೆಗೆ ಹೊರಟಿದ್ದ ನನಗೆ ಎದುರಾದಾಗ ಅವಳ ತಲೆಯ ಮೇಲೆ ಕಾಫಿ ಹಣ್ಣಿನ ಮೂಟೆಯಿತ್ತು. ಏರಿನಲ್ಲಿ ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ನಾನು ದಾರಿಗಡ್ಡ ನಿಂತೆ.

“ಶೇಷಕ್ಕ, ಒಂದು ವಾರ ಅಂದಿದ್ದು ಸುಳ್ಳು. ತಿಂಗಳ ಮೇಲೆ ಬೇಕಂತೆ. ನಂಗೆ ಹಿಂದೀನೇ ಬರಲ್ಲ. ಎಲ್ಲಾ ನಾನೇ ಸೇರಿಸಿ ಹೇಳಿದ್ದು.” ಅಷ್ಟು ಹೇಳುವುದರೊಳಗೆ ಅಳು ಬಂದಿತ್ತು.

ಅವಳು ಮೂಟೆಯನ್ನು ದಾರಿ ಬದಿಯ ಮಣ್ಣಿನ ದರೆಯ ಮೇಲಿಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು. “ನಿಂಗೆ ಹಿಂದಿ ಬರಲ್ಲ ಅಂತ ನಂಗೆ ಗೊತ್ತಿತ್ತು ಮಾರಾಯ್ತಿ. ಟಿ.ವಿ.ಯವ್ರು ಮಾತು ನಿಲ್ಲಿಸಿದ್ ಮೇಲೂ ನೀನು ಹೇಳ್ತಾನೇ ಇರ್ತಿದ್ದೆ.”

“ಮತ್ಯಾಕೆ ಕೊಟ್ಟೆ?”

“ರತ್ನ ನನ್ ಮಗ್ಳು. ಬರದೇ ಇದ್ರೂ ಕೊಡ್ತಿದ್ದೆ. ಅಳಿಯ ಬೇಡ ಬೇಡ ಅಂತ ಅಡ್ಡ ನಿಂತಿದ್ದ. ನನ್ ಮಾತು ಅವ್ನು ಕೇಳಲ್ಲ. ಟಿ.ವಿ.ಲಿ ಹೇಳಿದಾರೆ ಅಂದ್ರೆ ಕೇಳ್ತಾನೆ.”

ಆ ಸಂಜೆ ಅಪ್ಪನಿಗೂ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಮರುದಿನದಿಂದ ಎರಡು ತಿಂಗಳು ಶೇಷಕ್ಕನಿಗೆ ಅಂಗಳದ ಕಣದಲ್ಲಿ ಕಾಫಿ ಒಣಗಲು ಹರಡುವ ಹಗುರ ಕೆಲಸ ಹಾಕಿದರು. ರತ್ನ ಚೇತರಿಸಿಕೊಂಡು, ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೋದಳು.

ಹತ್ತು ಹನ್ನೆರಡು ವರ್ಷಗಳ ಮೇಲೆ ನಾನು ಕಳಸದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ, ಯಾರೋ ಕೊಟ್ಟ ಸಿ.ಡಿ.ಯೊಂದರಲ್ಲಿ ಆ ಕಾರ್ಟೂನು ಸಿಕ್ಕಿತು. ಹೊರೆಯಾಳುಗಳು ಮೊದಲ ಸಲ ಕೆಂಪಗೆ ಕಂಡರು. ಹಿಂದಿಯೂ ಅಷ್ಟರಲ್ಲಿ ನನಗೆ ಒಲಿದಿತ್ತು. ಮೂಳೆಯ ಗೂಡಿನ ಕತೆ ಬಂದಾಗ ಕಿವಿಗೊಟ್ಟು ಕೇಳಿದೆ: ಅಲ್ಲಿ ವಾರದ ಮಾತೂ ಇರಲಿಲ್ಲ, ತಿಂಗಳ ಮಾತೂ ಇರಲಿಲ್ಲ. ಕಣಗಳು ಸಂತೋಷದಿಂದ ಹಾಡುತ್ತಿದ್ದವು, ಅಷ್ಟೇ. ಮಕ್ಕಳು ಹಳೆಯ ಕಾಲದ ಚಿತ್ರಗಳನ್ನು ನೋಡಿ ನಕ್ಕರು. ಅವರ ಜೊತೆ ನಾನೂ ನಕ್ಕೆ. ಆದರೆ ಅವರು ಹೋದ ಮೇಲೆ ಒಬ್ಬಳೇ ಕೂತು ಅದನ್ನು ಇನ್ನೊಮ್ಮೆ ಹಾಕಿ ನೋಡಿದೆ. ಕಳೆದುಹೋದ ಬಾಲ್ಯಕ್ಕಾಗಿ ಮರುಗುತ್ತಿದ್ದೇನೆಂದು ಮೊದಲು ಅಂದುಕೊಂಡೆ. ಆಮೇಲೆ ತಿಳಿಯಿತು, ನನಗೆ ಬೇಕಾಗಿದ್ದುದು ಆ ಕಾರ್ಟೂನಲ್ಲ, ಅದನ್ನು ಶೇಷಕ್ಕನ ಜೊತೆ ನೋಡಿದ ಒಂದು ಭಾನುವಾರ.

ತಪ್ಪು ಒಪ್ಪಿಕೊಂಡ ಮೇಲಿನ ಮೊದಲ ಭಾನುವಾರ ಅದು. ಅವಳು ಬರಲಾರಳೆಂದುಕೊಂಡಿದ್ದೆ, ಬಂದಳು. ಪರದೆಯ ಮೇಲೆ ಸುರುಳಿಯಾಕಾರದ ಒಂದು ಗುಹೆ, ಅದರ ಬಾಯಿಗೆ ಬಿಗಿದ ತೊಗಲು, ಅದನ್ನು ಬಡಿಯುವ ಪುಟ್ಟ ಸುತ್ತಿಗೆಗಳು. “ಇದೇನು ಅಮ್ಮಣ್ಣಿ?” ಎಂದಳು. ಎಂದಿನ ಚಾಳಿಯಂತೆ ಬಾಯಿ ತೆರೆದವಳು ತಡೆದುಕೊಂಡೆ. ನಾಲಿಗೆಗೆ ರೂಢಿಯಿಲ್ಲದ ಆ ಒಂದು ಶಬ್ದವನ್ನು ಹೇಳಿದೆ: “ಗೊತ್ತಿಲ್ಲ ಶೇಷಕ್ಕ.”

ಅವಳು ಗೋಡೆ ಬಿಟ್ಟು ನನ್ನ ಪಕ್ಕಕ್ಕೆ ಸರಿದು ಕೂತಳು. ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದಳು.

“ಡೋಲಿನ ಹಂಗಿದೆ,” ಎಂದಳು. “ಕಿವಿ ಇರ್ಬೇಕು.”

ಅದು ಕಿವಿಯೇ ಆಗಿತ್ತು.