ಪುಡಿಯಾಗದ ಬಾಣದ ಮೊನೆ

ಅಮೆರಿಕದ ರಿಚರ್ಡ್‌ಸನ್ ಊರಿನಲ್ಲಿ ನೆಲೆಸಿದ ಮೃಣಾಲಿನಿ ಮೈಸೂರಿನವಳು, ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ತಪ್ಪು ಹುಡುಕುವುದೇ ಕೆಲಸ. ರಜೆಯ ದಿನ ಮಾತ್ರ ಗ್ಯಾರೇಜಿನಲ್ಲಿ ತೊಡೆಯ ಮೇಲೆ ಚರ್ಮ ಹಾಸಿಕೊಂಡು ಕೂರುವಳು. ಆಸ್ಟಿನ್ ಕಡೆಯಿಂದ ತಂದ ಚಕಮಕಿ ಕಲ್ಲಿನ ಅಂಚನ್ನು ಜಿಂಕೆ ಕೊಂಬಿನ ತುದಿಯಿಂದ ಒತ್ತಿ, ಚಕ್ಕೆ ಎಬ್ಬಿಸಿ, ಬಾಣದ ಮೊನೆ ಮಾಡುವಳು. ನೆಲದ ತುಂಬ ಚೂಪು ಚಕ್ಕೆಗಳಿರುತ್ತಿದ್ದರಿಂದ ಗಂಡ ವೆಂಕಟೇಶ್ ಚಪ್ಪಲಿಯಿಲ್ಲದೆ ಅತ್ತ ಸುಳಿಯುತ್ತಿರಲಿಲ್ಲ.

ಆ ಮೊನೆಗಳನ್ನು ಬಾಣಕ್ಕೆ ಕೂರಿಸುತ್ತಿದ್ದವನು ಹತ್ತಿರದ ಕ್ಯಾರಲ್ಟನ್ನಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಹುಬ್ಬಳ್ಳಿಯ ಸಿದ್ಧಾರೂಢ. ಹೊಳೆದಂಡೆಯ ಸಣ್ಣ ಬಿದಿರನ್ನು ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿ, ತುದಿ ಸೀಳಿ ಮೊನೆ ಸಿಕ್ಕಿಸಿ, ಮರದ ಅಂಟು ಹಚ್ಚಿ, ನೆನೆಸಿದ ಜಿಂಕೆ ನರ ಬಿಗಿಯಾಗಿ ಸುತ್ತುವನು. ಆ ಬಾಣ ಹಿಡಿದು ಪರಿಚಯದವರ ರ‍್ಯಾಂಚಿನಲ್ಲಿ ಕಾಡುಹಂದಿ ಬೇಟೆಗೆ ಹೋಗುವನು, ಒಬ್ಬನೇ. ಬಂದ ಮೇಲೆ ಹಂದಿ ಬಿತ್ತು, ಮೊನೆ ಪುಡಿಯಾಯ್ತು ಎನ್ನುವನು.

೨೦೧೬ರ ಚಳಿಗಾಲದಲ್ಲಿ ಆಸ್ಟಿನ್‌ನ ಒಂದು ಮೇಳಕ್ಕೆ ಹೋಗಿದ್ದಾಗ, ಹಳೆಯ ಮೊನೆಗಳನ್ನು ಮಾರುವ ಮುದುಕನ ಗಾಜಿನ ಪೆಟ್ಟಿಗೆಯ ಮುಂದೆ ಮೃಣಾಲಿನಿ ಗಕ್ಕನೆ ನಿಂತಳು. ‘ಎರಡು ಸಾವಿರ ವರ್ಷ ಹಳೆಯದು’ ಎಂಬ ಚೀಟಿಯ ಪಕ್ಕ ಇದ್ದದ್ದು ಅವಳೇ ಕೆತ್ತಿದ ಮೊನೆ! ಕಲ್ಲನ್ನು ಓವನ್ನಿನಲ್ಲಿ ಕಾಯಿಸಿದಾಗ ಮೂಡಿದ ಗುಲಾಬಿ ಗೆರೆ, ಕೈ ಜಾರಿ ಸೊಟ್ಟಗಾದ ಎಡಗಡೆಯ ಕಚ್ಚು, ಎಲ್ಲಾ ಅದೇ. ಯಾರು ಕೊಟ್ಟರೆಂದು ಕೇಳಿದರೆ, ಅದು ವ್ಯಾಪಾರದ ಗುಟ್ಟು ಎಂದ ಮುದುಕ.

ಮನೆಗೆ ಡ್ರೈವ್ ಮಾಡುವಷ್ಟು ಹೊತ್ತೂ ತಲೆಯಲ್ಲಿ ಒಂದೇ ಹುಳ. ಸಿದ್ಧಾರೂಢ ಯಾರನ್ನೂ ಬೇಟೆಗೆ ಕರೆಯುವುದಿಲ್ಲ, ಯಾಕೆ? ಮೊನೆ ಹಳೆಯದರಂತೆ ಕಾಣಬೇಕು ಎಂದು ಹೇಳುತ್ತಿದ್ದನಲ್ಲ, ಯಾಕೆ? ನೆಟ್ಟಗೆ ಅವನ ಅಂಗಡಿಗೇ ಹೋದಳು.

"ಗುಲಾಬಿ ಗೆರೆಯ ಮೊನೆ ಇದ್ದ ಬಾಣಕ್ಕೆ ಹಂದಿ ಬಿತ್ತು, ಮೊನೆ ಪುಡಿಯಾಯ್ತು ಅಂದ್ರಲ್ಲ? ಪುಡಿಯಾಗಿದ್ದು ಆಸ್ಟಿನ್‌ನಲ್ಲಿ ಹೇಗೆ ಕೂತಿದೆ?"

ಸಿದ್ಧಾರೂಢನ ಮುಖ ಬಿಳಿಚಿಕೊಂಡಿತು. ಸಿಕ್ಕಿಬಿದ್ದ, ಅಂದುಕೊಂಡಳು.

"ಅಕ್ಕಾರ, ಹಂದಿಗೆ ತಾಗೇ ಇಲ್ರಿ. ಗುರಿ ತಪ್ಪಿ ಪೊದ್ಯಾಗ ಹೋತು. ಎಷ್ಟ್ ಹುಡುಕಿದ್ರೂ ಸಿಗಲಿಲ್ಲ. ನಿಮ್ಮ ಮುಂದ ಹೇಳಾಕ ನಾಚಿಕಿ ಬಂತ್ರಿ."

"ಉಳಿದ ಬೇಟೆ?"

"ಒಂದೂ ಬಿದ್ದಿಲ್ರಿ," ಎಂದ, ಅಕ್ಕಿ ಮೂಟೆ ನೋಡುತ್ತಾ.

ಅವಳು ಅದನ್ನೂ ನಂಬಲಿಲ್ಲ. ಮರುವಾರ ರ‍್ಯಾಂಚಿಗೆ ಕರೆದೊಯ್ಯಿರೆಂದು ಹಟ ಹಿಡಿದಳು. ಮುಳ್ಳುಪೊದೆಯಲ್ಲಿ ಒಂದು ಸೀಳಿದ ಬಿದಿರು ಸಿಕ್ಕಿತು. ಮಳೆಗೆ ಮೆತ್ತಗಾದ ನರ ಸಡಿಲಗೊಂಡು ಜೋತಾಡುತ್ತಿತ್ತು, ಮೊನೆ ಇರಲಿಲ್ಲ. ರ‍್ಯಾಂಚಿನ ಯಜಮಾನ ಕೆಳಗೆ ಉದುರಿದ್ದ ಮೊನೆಯನ್ನು ತಾನೇ ಹೆಕ್ಕಿ, ಪುರಾತನದ್ದೆಂದು ನಂಬಿ ಮುದುಕನಿಗೆ ಮಾರಿದ್ದಾಗಿ ಹೇಳಿದ.

ಮೃಣಾಲಿನಿ ಮುದುಕನಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಮೊನೆಯನ್ನು ಪುಕ್ಕಟೆ ಹೊಡೆಯುವ ಹುನ್ನಾರವೆಂದು ಬೈದು ಅವನು ಫೋನ್ ಇಟ್ಟ.

ಈಗ ಪ್ರತಿ ಮೊನೆಯ ಬುಡದಲ್ಲೂ ‘ಮೃ’ ಎಂದು ಕೊರೆಯುತ್ತಾಳೆ. ಸಿದ್ಧಾರೂಢ ಹಂದಿ ಬಿತ್ತೆಂದರೆ, ಫೋಟೋ ಎಲ್ಲಿ ಎನ್ನುತ್ತಾಳೆ.