ರಷ್ಯಾದ ನಜರ್‌ಬಾದು

ರಷ್ಯಾ ಯುದ್ಧ ಶುರುಮಾಡಿದ ವರ್ಷದ ವಸಂತದಲ್ಲಿ, ಅಮೆರಿಕದ ಹರ್ನ್‌ಡನ್ನಿನ ನಮ್ಮ ಟೌನ್‌ಹೌಸಿನ ಊಟದ ಮೇಜಿನ ಎದುರು ಒಬ್ಬ ತನಿಖಾಧಿಕಾರಿ ಕೂತಿದ್ದರು. ನನ್ನ ಗಂಡನಿಗೆ ಸಿಕ್ಕಿದ್ದ ಹೊಸ ಕೆಲಸಕ್ಕೆ ಸರ್ಕಾರದ ಭದ್ರತಾ ಕ್ಲಿಯರೆನ್ಸ್ ಬೇಕಿತ್ತು. ಹಳೆಯ ಕಾಂಟ್ರಾಕ್ಟ್ ಮುಗಿದಿತ್ತು. ಇದು ಕೈತಪ್ಪಿದರೆ ಇನ್ನೊಂದಿರಲಿಲ್ಲ. ಅಡ್ಡ ಬಂದಿದ್ದವಳು ನಾನು. ಮದುವೆಗೆ ಮುಂಚೆ ರಷ್ಯಾದ ಒಂದು ಸಣ್ಣ ಊರಿನಲ್ಲಿ ಮೆಡಿಕಲ್ ಓದಿದ್ದೆ.

ಗಂಡ ಹಿಂದಿನ ದಿನವೇ ಎಚ್ಚರಿಸಿದ್ದರು.

"ಕಥೆ ಹೇಳೋಕೆ ಹೋಗ್ಬೇಡ ಕಣೇ. ಹಾಸ್ಟೆಲ್, ಕಾಲೇಜು, ಲೈಬ್ರರಿ. ಅಷ್ಟೇ."

"ಲೈಬ್ರರಿಗೆ ನಾನು ಹೋಗಿದ್ದೇ ಕಮ್ಮಿ ರೀ."

"ಅದನ್ನೂ ಹೇಳ್ಬೇಡ."

ಆ ಊರಿನ ಬಗ್ಗೆ ನನಗೆ ಖಚಿತವಾಗಿ ಗೊತ್ತಿರುವುದು ಸ್ವಲ್ಪವೇ. ಒಂದು ನದಿ, ಒಂದು ಗುಡ್ಡ, ಗುಡ್ಡದ ಮೇಲೆ ಮಠ. ಹಿಂದೆ ಉಪ್ಪಿನ ವ್ಯಾಪಾರಿಗಳ ಊರಂತೆ. ರೈಲು ಬೇರೆ ದಾರಿ ಹಿಡಿದ ಮೇಲೆ ಸೊರಗಿತಂತೆ. ಊರಿನ ಚರ್ಚು ಕಮ್ಯುನಿಸ್ಟರ ಕಾಲದಲ್ಲಿ ಉಗ್ರಾಣವಾಗಿ, ಮತ್ತೆ ಚರ್ಚಾಗಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ದೇಶದ ಪಶ್ಚಿಮದಿಂದ ಒಂದು ಕಾರ್ಖಾನೆಯನ್ನು ಕಿತ್ತು ತಂದು ಅಲ್ಲಿ ನೆಟ್ಟಿದ್ದರು. ಈ ಚರಿತ್ರೆಯನ್ನು ಹಾಸ್ಟೆಲ್ಲಿನ ಕಾವಲು ಅಜ್ಜಿ ಹೇಳಿದಳೋ, ನಾನೇ ಆಮೇಲೆ ಎಲ್ಲಾದರೂ ಓದಿದೆನೋ, ಬೇರ್ಪಡಿಸಲಾರೆ. ಚಳಿ ಮಾತ್ರ ಯಾರೂ ಹೇಳಿಕೊಟ್ಟದ್ದಲ್ಲ.

ಬೀದಿಗಳ ಹೆಸರು ನಾವು ಕಲಿಯಲೇ ಇಲ್ಲ. ಮೈಸೂರಿನಿಂದ ಹೋಗಿದ್ದ ನಾವು ನಾಲ್ಕೈದು ಹುಡುಗಿಯರು ಮೊದಲ ಚಳಿಗಾಲದಲ್ಲೇ ಆ ಊರಿಗೆ ನಮ್ಮೂರಿನ ಜಾಗಗಳ ಹೆಸರುಗಳನ್ನು ಹಾಕಿಬಿಟ್ಟೆವು. ಊರಲ್ಲಿ ಬೆಂಕಿ ಬಿತ್ತೇ ಎಂದು ನೋಡಲು ಕಟ್ಟಿದ್ದ ಹಳೆಯ ಗೋಪುರ ದೊಡ್ಡ ಗಡಿಯಾರ. ವ್ಯಾಪಾರಿಗಳ ಕಲ್ಲುಕಟ್ಟಡದ ಅಂಗಡಿಸಾಲು ದೇವರಾಜ ಮಾರ್ಕೆಟ್ಟು. ಮಠದ ಗುಡ್ಡ ಸುಮ್ಮನೆ ಬೆಟ್ಟ. ತಂತಿಬೇಲಿ ಹಾಕಿದ್ದ ಆ ಕಾರ್ಖಾನೆಯ ಸುತ್ತಲಿನ ಬಡಾವಣೆ ನಜರ್‌ಬಾದು. ಯಾಕೆ ನಜರ್‌ಬಾದು ಎಂಬುದು ಮರೆತಿದೆ. ಕಾರಣ ಬರೆದರೆ ಅದು ಈಗ ಕಟ್ಟಿದ ಕಾರಣವಾಗುತ್ತದೆ.

ಇದನ್ನೆಲ್ಲ ಅಧಿಕಾರಿಗೆ ಹೇಳುವುದು ಹೇಗೆ? ಹಾಗಾಗಿ ಫೋನಿನಲ್ಲಿ ಆ ಊರಿನ ನಕ್ಷೆ ತೆರೆದು, ಪರೀಕ್ಷೆಗೆ ಓದಿದ ಹಾಗೆ ಬೀದಿಗಳ ಹೆಸರು ಉರು ಹೊಡೆದಿದ್ದೆ.

ಹಾಸ್ಟೆಲ್ ಯಾವ ಬೀದಿಯಲ್ಲಿತ್ತು ಎಂದು ಅವರು ಕೇಳಿದರು. ತಡವರಿಸದೆ ಹೇಳಿದೆ. ಅವರು ತಮ್ಮ ಕಾಗದಗಳನ್ನು ನೋಡಿದರು.

"ನಿಮ್ಮ ಹಳೆಯ ದಾಖಲೆಯಲ್ಲಿ ಬೇರೆ ಹೆಸರಿದೆಯಲ್ಲ?"

ಇತ್ತು. ಒಬ್ಬ ಕ್ರಾಂತಿಕಾರಿಯ ಹೆಸರು. ನಾನು ಉರು ಹೊಡೆದದ್ದು ಉಪ್ಪಿನ ವ್ಯಾಪಾರಿಗಳ ಕಾಲದ ಹೆಸರು. ನಾವು ಊರು ಬಿಟ್ಟ ಮೇಲೆ ಯಾವಾಗಲೋ ಅದನ್ನು ಮತ್ತೆ ಇಟ್ಟಿದ್ದಾರೆ.

"ಕೊನೆಯ ಸಲ ಅಲ್ಲಿಗೆ ಯಾವಾಗ ಹೋಗಿದ್ದಿರಿ?" ಅವರ ದನಿ ಏರಲಿಲ್ಲ.

ಓದು ಮುಗಿಸಿ ಬಂದವಳು ಮತ್ತೆ ಹೋಗಿಲ್ಲ ಎಂದೆ. ಹಾಗಾದರೆ ಹೊಸ ಹೆಸರು ಹೇಗೆ ಗೊತ್ತು ಎಂದರು. ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದ ಗಂಡನ ಚಮಚದ ಸದ್ದು ನಿಂತಿತು.

ನಿಜ ಹೇಳಿದೆ. ನನಗೆ ಯಾವ ಹೆಸರೂ ಗೊತ್ತಿರಲಿಲ್ಲ, ನಂಬಲಿ ಎಂದು ನಕ್ಷೆ ನೋಡಿ ಕಲಿತೆ ಎಂದೆ. ಅವರು ಪೆನ್ನು, ಒಂದು ಖಾಲಿ ಹಾಳೆ ನನ್ನ ಕಡೆ ಸರಿಸಿದರು. "ಆ ಊರಿನ ನಕ್ಷೆ ನಿಮಗೆ ಗೊತ್ತಿರುವಷ್ಟು ಬರೆಯಿರಿ."

ನದಿಯ ಗೆರೆ ಎಳೆದೆ. ದೊಡ್ಡ ಗಡಿಯಾರ, ಮಾರ್ಕೆಟ್ಟು, ಬೆಟ್ಟ. ಹಾಲು ತರುತ್ತಿದ್ದ ದಾರಿಯನ್ನು ಎಳೆಯುತ್ತಾ ಹೋದ ಕೈ ಬೇಲಿಯ ಹತ್ತಿರ ನಿಂತಿತು.

"ಇದು?"

"ನಜರ್‌ಬಾದು," ಎಂದೆ. ಆಮೇಲೆ, "ಕಾರ್ಖಾನೆ."

"ಏನು ತಯಾರಿಸುತ್ತಿದ್ದರು?"

"ಗೊತ್ತಿಲ್ಲ. ಅಲ್ಲಿ ಕೇಳಿದರೆ ಎಲ್ಲರೂ ಚಮಚ ಎನ್ನುತ್ತಿದ್ದರು."

ಅವರು ನಗಲಿಲ್ಲ. ಹಾಳೆಯನ್ನು ಮಡಚದೆ, ಹಾಗೇ ತಮ್ಮ ಫೈಲಿಗೆ ಸೇರಿಸಿಕೊಂಡು ಹೋದರು.

ಬಾಗಿಲು ಹಾಕಿದ ಮೇಲೆ ಗಂಡ ಅಂದರು: "ಚಮಚ ಅಂತೆ! ನಾನೇ ಓಡಿ ಬಂದು ಬಾಯಿ ಮುಚ್ಬೇಕಿತ್ತು."

"ಇನ್ನೇನ್ ಹೇಳ್ಲಿ? ಮಿಸೈಲ್ ಅನ್ಲಾ?"

"ಮೆಲ್ಲಗೆ ಮಾತಾಡೇ ಮಾರಾಯ್ತಿ, ಇನ್ನೂ ಪಾರ್ಕಿಂಗ್‌ನಲ್ಲೇ ಇದಾರೆ!"

ಮುಂದಿನ ವಾರ ಜಾನ್ಸ್ ಕ್ರೀಕ್ ಊರಿನಿಂದ ಗೆಳತಿಯ ಫೋನು. ಹಾಸ್ಟೆಲ್ಲಿನಲ್ಲಿ ನನ್ನ ರೂಮಿನಲ್ಲೇ ಇದ್ದವಳು. ನನ್ನನ್ನು ಬಲ್ಲವರೆಂದು ನಾವು ಅಧಿಕಾರಿಗೆ ಕೊಟ್ಟಿದ್ದ ಹೆಸರುಗಳಲ್ಲಿ ಅವಳದೂ ಇತ್ತು.

"ನಂಗೂ ಕಾಲ್ ಮಾಡಿದ್ರು ಕಣೇ ನಿಮ್ಮ ಪತ್ತೇದಾರರು. ಊರು ಹೇಗಿತ್ತು, ಎಲ್ಲೆಲ್ಲಿ ಓಡಾಡ್ತಿದ್ರಿ, ಎಲ್ಲಾ ಕೇಳಿದ್ರು."

"ನಜರ್‌ಬಾದು ಕೇಳಿದ್ರಾ?"

"ಹೂಂ. ಸೇತುವೆ ದಾಟಿದ್ಮೇಲೆ ಬಲಕ್ಕೆ ಅಂದೆ."

ನಾನು ಬರೆದದ್ದು ಸೇತುವೆಯ ಈಚೆಗೆ, ಹಾಸ್ಟೆಲ್ಲಿನ ದಡದಲ್ಲಿ.

"ಲೇ, ಸೇತುವೆ ಯಾಕೆ ದಾಟ್ತೀಯಾ? ನಾವು ಹಾಲಿಗೆ ಹೋಗ್ತಿದ್ದಿದ್ದು ಆ ಬೇಲಿ ಪಕ್ಕದಲ್ಲೇ ಅಲ್ವಾ?"

"ಹಾಲು ನೀನು ಯಾವತ್ತು ತಂದಿದ್ದೀಯಾ? ದಿನಾ ತರ್ತಿದ್ದೋಳು ನಾನು. ಸೇತುವೆ ಮೇಲೆ ಮೂಗು ಹೆಪ್ಪುಗಟ್ಟಿ ಸತ್ತಿದೀನಿ."

ನನಗೆ ಆ ದಾರಿಯ ಪ್ರತಿ ತಿರುವೂ ನೆನಪಿದೆ. ಅವಳು ಹಾಲು ತಂದು ದಾರಿಯ ಬಗ್ಗೆ ಹೇಳುತ್ತಿದ್ದದ್ದನ್ನು ಹೊದಿಕೆಯೊಳಗೆ ಕೇಳುತ್ತಾ ಮಲಗಿದ್ದವಳಿಗೂ ಅದು ಹಾಗೇ ನೆನಪಿರಬಹುದು. ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಗಂಡ ಸೋಫಾದಲ್ಲಿ ಕುಸಿದು ಕೂತರು. "ಹೋಯ್ತು ಬಿಡು," ಎಂದರು.

ಫೋನಿನ ನಕ್ಷೆಯ ಉಪಗ್ರಹ ಚಿತ್ರಗಳಲ್ಲಿ ನೋಡಿದೆವು. ಎರಡೂ ದಡದಲ್ಲಿ ಕಾರ್ಖಾನೆಯಂಥ ಉದ್ದನೆಯ ಚಾವಣಿಗಳಿದ್ದವು.

ಬೇಸಿಗೆಯಿಡೀ ಗಂಡ ಮೇಲ್‌ಬಾಕ್ಸಿನ ತನಕ ನಡೆದು ಬಂದರು. ಇಂಥ ಸುದ್ದಿ ಅಂಚೆಯಲ್ಲಿ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಎಲೆ ಉದುರುವ ಹೊತ್ತಿಗೆ ಕ್ಲಿಯರೆನ್ಸ್ ಬಂತು. ನನ್ನ ಮಾತು, ಗೆಳತಿಯ ಮಾತು ಹೊಂದದೇ ಇದ್ದದ್ದರಿಂದಲೇ, ಪಾಠ ಒಪ್ಪಿಸಿದವರಲ್ಲ ಎಂದು ಅವರಿಗೆ ನಂಬಿಕೆ ಬಂತು ಎಂದು ಗಂಡ ಈಗ ಮನೆಮನೆಯವರು ಅಡುಗೆ ತಂದು ಉಣ್ಣುವ ಪಾಟ್‌ಲಕ್‌ಗಳಲ್ಲಿ ಹೇಳುತ್ತಾರೆ. ಎಲ್ಲರೂ ನಗುತ್ತಾರೆ. ಆದರೆ ಕಾರಣ ಅದೇ ಎಂದು ಯಾರೂ ನಮಗೆ ಹೇಳಿಲ್ಲ.