ಗೂಟದ ಮೊದೆಸ್ತಾ

ನನ್ನ ದೊಡ್ಡಮ್ಮ ಮೊದೆಸ್ತಾಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಬರೀ ತುಟಿ ಅಲ್ಲಾಡುವ ಹೊತ್ತಿಗೆ ಎದುರಿನವರು ಎರಡು ಹೆಜ್ಜೆ ಹಿಂದೆ ಸರಿದಿರುತ್ತಾರೆ. ಊರಿನಲ್ಲಿ ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಬಂದವರು ಆ ಸಿನಿಮಾದವರು.

ನಮ್ಮೂರು ವಾತುಕೋಲಾ, ಗ್ವಾಡಲ್‌ಕನಾಲ್ ದ್ವೀಪದ ಬಯಲು ಮುಗಿದು ಗುಡ್ಡ ಏಳುವಲ್ಲಿದೆ. ಅಜ್ಜಂದಿರ ಕಾಲದ ಮಹಾಯುದ್ಧದಲ್ಲಿ ಎರಡು ಹೊರದೇಶದ ಸೈನ್ಯಗಳು ಇಲ್ಲಿಗೆ ಬಂದು ಆರು ತಿಂಗಳು ಬಡಿದಾಡಿದವು. ಬರುವಾಗ ನಮ್ಮನ್ನು ಕೇಳಲಿಲ್ಲ, ಹೋಗುವಾಗ ಹೇಳಲೂ ಇಲ್ಲ. ಆಮೇಲೆ ಎಷ್ಟೋ ವರ್ಷ ತಮ್ಮ ಸೈನಿಕರ ಮೂಳೆ ಹುಡುಕಿಕೊಂಡು ಬರುತ್ತಿದ್ದರು. ಸಿಕ್ಕಿದ್ದನ್ನು ಬಾವುಟ ಹೊದಿಸಿ ಒಯ್ಯುತ್ತಿದ್ದರು. ಸಿಡಿಯದೆ ಉಳಿದ ಶೆಲ್ಲುಗಳನ್ನು ಮಾತ್ರ ನಮಗೆ ಬಿಟ್ಟರು. ಅವುಗಳ ಮೇಲೆ ಮಣ್ಣು ಕೂತಿತು, ಮಣ್ಣಿನ ಮೇಲೆ ಕಾಡು ಬೆಳೆಯಿತು, ಕಾಡಿನ ನಡುವೆ ನಾವು ಗೆಣಸು ನೆಟ್ಟೆವು.

ದೊಡ್ಡಮ್ಮನ ಗಂಡ ಲಿನೊ ಸತ್ತದ್ದು ಅಂಥದೊಂದು ಶೆಲ್ಲಿನಿಂದ. ಇಗರ್ಜಿಗೆ ಹೊಸ ಮಾಡು ಹಾಕಿದ ವಾರ ಅದು. ಊಟಕ್ಕೆ ಕಾದ ಕಲ್ಲಿನ ನಡುವೆ ಗೆಣಸು ಬೇಯಿಸಲೆಂದು ಲಿನೊ ಗುಡ್ಡದ ಏಣಿನ ಮೇಲೆ, ಆ ಉದ್ದನೆಯ ನೆತ್ತಿಯ ಮೇಲೆ, ಗುಂಡಿ ತೋಡಿ, ಸೌದೆ ಪೇರಿಸಿ, ಕಲ್ಲು ಕಾಯಿಸುತ್ತಿದ್ದ. ದೊಡ್ಡಮ್ಮ ಬಾಳೆ ಎಲೆ ಹೊತ್ತುಕೊಂಡು ಹತ್ತಿ ಬರುತ್ತಿದ್ದಳು. ಇನ್ನು ಮೂವತ್ತು ಹೆಜ್ಜೆ ಇರುವಾಗ ನೆಲ ಸಿಡಿಯಿತು. ಗೆಣಸು ಸುತ್ತಿಡಲು ತಂದ ಎಲೆಗಳಲ್ಲೇ ಅವನನ್ನು ಸುತ್ತಿ ಕೆಳಗೆ ತಂದರು. ಅವತ್ತಿನಿಂದ ಅವಳಿಗೆ ಎಡಗಿವಿ ಕೇಳುವುದಿಲ್ಲ.

ಪೊಲೀಸರ ಬಾಂಬು ತಂಡ ಬಂದಾಗ ಅವಳು ಅಳುತ್ತ ಕೂರಲಿಲ್ಲ. ತಂಡದ ಸಾರ್ಜೆಂಟನ ಬೆನ್ನು ಹಿಡಿದಳು. ಎಷ್ಟು ಆಳದಲ್ಲಿರುತ್ತದೆ, ತುಕ್ಕು ಹಿಡಿದ ಮೇಲೂ ಯಾಕೆ ಸಿಡಿಯುತ್ತದೆ, ಬಿಸಿ ತಾಗಿದರೆ ಏನಾಗುತ್ತದೆ ಎಂದು ಕೇಳಿ ಕೇಳಿ ಅವನನ್ನು ಸುಸ್ತು ಮಾಡಿದಳು. ದ್ವೀಪ ದೊಡ್ಡದು, ತಂಡ ಚಿಕ್ಕದು, ಎಲ್ಲ ಕಡೆ ಅಗೆಯಲು ವರ್ಷಗಳೇ ಬೇಕು ಎಂದು ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅಲ್ಲಿಯವರೆಗೆ ಏನು ಮಾಡಲಿ ಎಂದು ಇವಳು ಕೇಳಿದ್ದಕ್ಕೆ, ಜಾಗ ಗುರುತು ಮಾಡಿ, ಬೆಂಕಿ ಹಾಕಲು ಬಿಡಬೇಡಿ ಎಂದ. ಅವಳು ಅದನ್ನೇ ಬದುಕು ಮಾಡಿಕೊಂಡಳು. ಏಣಿನ ಸುತ್ತ, ಅದರಾಚೆಯ ಕಾಡಿನ ಅಂಚಿಗೆ, ಕೆಂಪು ಬಟ್ಟೆ ಕಟ್ಟಿದ ಗೂಟ ನೆಟ್ಟಳು. ಮಳೆಗೆ ಬಣ್ಣ ಹೋದರೆ ಬಟ್ಟೆ ಬದಲಿಸಿದಳು. ಗೂಟಗಳ ಒಳಗಿನ ಜಾಗದಲ್ಲಿ ಒಲೆ ಹೂಡಿದವರ ಒಲೆಗೆ ನೀರು ಸುರಿದಳು. ಒಮ್ಮೆ ಪಾದ್ರಿಗಳ ಒಲೆಗೂ ಸುರಿದಳು. ಊರವರು ಅವಳನ್ನು ಗೂಟದ ಮೊದೆಸ್ತಾ ಎಂದು ಆಡಿಕೊಂಡರು. ಆಡಿಕೊಂಡರೂ ಗೂಟ ದಾಟಲಿಲ್ಲ. ಹತ್ತು ವರ್ಷದಲ್ಲಿ ನಮ್ಮೂರಿನಲ್ಲಿ ಇನ್ನೊಬ್ಬರು ಹಾಗೆ ಸಾಯಲಿಲ್ಲ.

ಸಿನಿಮಾದವರು ಬಂದದ್ದು ನನ್ನ ಸೋದರಮಾವ ಅಲೊಯ್ಸನ ಮೂಲಕ. ದೊಡ್ಡಮ್ಮನಿಗೂ ನನ್ನ ಅವ್ವನಿಗೂ ಅವನೊಬ್ಬನೇ ಅಣ್ಣ. ನಮ್ಮಲ್ಲಿ ನೆಲ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಹೊರಗಿನವರೆದುರು ಮಾತಾಡುವವರು ಮಾತ್ರ ಗಂಡಸರು. ಮಾವ ಹೊನಿಯಾರಾ ಪಟ್ಟಣದಲ್ಲಿ ಯಾರನ್ನೋ ಕಂಡು, ಹೆಂಗಸರಿಗೆ ಒಂದು ಮಾತೂ ಹೇಳದೆ ಕಾಗದಕ್ಕೆ ಸಹಿ ಹಾಕಿ ಬಂದಿದ್ದ.

ಬಂದವರು ಒಟ್ಟು ಹನ್ನೊಂದು ಜನ, ಒಂದು ಕ್ಯಾಮೆರಾ. ನಿರ್ದೇಶಕ ಡಾರ್ಸಿ ಬ್ರಿಸ್ಬೇನಿನವನು, ಮೂವತ್ತರ ಆಸುಪಾಸು, ಎಲ್ಲರ ಜತೆ ನಗುನಗುತ್ತ ಮಾತಾಡುತ್ತಿದ್ದ. ಇದು ಅವನ ಮೂರನೆಯ ದೆವ್ವದ ಚಿತ್ರವಂತೆ. ಕತೆ ಇಷ್ಟೇ: ಯುದ್ಧದಲ್ಲಿ ಆರು ಸೈನಿಕರು ಕಾಡಿನಲ್ಲಿ ದಾರಿ ತಪ್ಪುತ್ತಾರೆ, ಕಾಡಿನ ದೆವ್ವಗಳು ಅವರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತವೆ. ಸೈನಿಕರು ಅವರ ಕಡೆಯ ಹುಡುಗರು. ದೆವ್ವಗಳು ನಾವು. ಬಂದೂಕು ಪ್ಲಾಸ್ಟಿಕ್ಕಿನದು, ರಕ್ತ ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಬೆರೆಸಿದ್ದು. ಅದಕ್ಕೆ ಇರುವೆ ಮುತ್ತಿ, ಸತ್ತು ಬಿದ್ದ ಸೈನಿಕ ಎದ್ದು ಕುಣಿಯುತ್ತಿದ್ದ.

ನಾನೂ ದೆವ್ವವಾದೆ. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ? ಮೈಗೆಲ್ಲ ಬೂದಿ ಬಳಿದುಕೊಂಡು ಮರದ ಹಿಂದಿನಿಂದ ಹಲ್ಲು ಕಿರಿದೆ. ಅಡಿಕೆ ತಿಂದು ಕೆಂಪಾದ ಹಲ್ಲು ಅವರಿಗೆ ಬಲು ಇಷ್ಟವಾಯಿತು. ಕೂಲಿ ಸಿಕ್ಕಿತು, ನಗು ಬಂತು. ನಮ್ಮ ಅಜ್ಜಂದಿರು ಆ ಯುದ್ಧದಲ್ಲಿ ಗಾಯಾಳುಗಳನ್ನು ಹೆಗಲ ಮೇಲೆ ಹೊತ್ತು ಇಳಿಸಿದವರು ಎಂಬುದು ಆಗ ನೆನಪಿಗೇ ಬರಲಿಲ್ಲ. ಈಗ ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ದೊಡ್ಡಮ್ಮ ಅವರ ಅಡುಗೆಗೆ ನಿಂತಳು. ಮೊದಲ ದಿನವೇ ಡಾರ್ಸಿಯನ್ನು ಕರೆದೊಯ್ದು ಗೂಟಗಳನ್ನು ತೋರಿಸಿದಳು. ನಾನು ಅವರ ಭಾಷೆಗೆ ತಿರುಗಿಸಿ ಹೇಳಿದೆ. ಅವನು ತಲೆಯಾಡಿಸಿದ. ಎರಡು ದಿನ ಬಿಟ್ಟು, ಲಿನೊ ಸತ್ತ ಕತೆಯನ್ನು ಮಾವನಿಂದ ಕೇಳಿ, ಕ್ಯಾಮೆರಾ ಹಿಡಿದುಕೊಂಡು ಅಡುಗೆಮನೆಗೆ ಬಂದ. ಊರಿನ ನಿಜವಾದ ಕತೆಯನ್ನು ದಾಖಲು ಮಾಡಿಡಬೇಕು, ಹೇಳುತ್ತೀರಾ ಆಂಟಿ ಎಂದು ಕೇಳಿದ. ಅವಳು ಗೆಣಸು ಸುಲಿಯುತ್ತಲೇ ಎಲ್ಲ ಹೇಳಿದಳು. ಕೊನೆಗೆ ಚಾಕು ಕೆಳಗಿಟ್ಟು ಅಂದಳು:

"ಆ ಕಾಡಿಗೆ ಹೋಗ್ಬೇಡಿ. ಅವು ಇನ್ನೂ ನೆಲದೊಳಗೇ ಇದಾವೆ. ಬಿಸಿ ತಾಗಿದ್ರೆ ಎದ್ದೇಳ್ತಾವೆ."

ನಾನು ಅದನ್ನು ತಿರುಗಿಸಿ ಹೇಳಿದಾಗ ಡಾರ್ಸಿಯ ಕಣ್ಣು ಅರಳಿತು. ಆ ಕೊನೆಯ ಮಾತನ್ನಷ್ಟೇ ಇನ್ನೊಮ್ಮೆ, ಸ್ವಲ್ಪ ನಿಧಾನವಾಗಿ, ಕ್ಯಾಮೆರಾ ನೋಡಿ ಹೇಳಲು ಕೇಳಿದ. ಎಚ್ಚರಿಕೆ ನಾಲ್ಕು ಜನಕ್ಕೆ ಮುಟ್ಟಲಿ ಎಂದುಕೊಂಡು ಅವಳು ಹಾಗೇ ಹೇಳಿದಳು.

ಎರಡನೆಯ ವಾರ ಕೊನೆಯ ದೃಶ್ಯ. ಉಳಿದ ಇಬ್ಬರು ಸೈನಿಕರು ದೆವ್ವಗಳನ್ನು ಸುಡಲು ದೊಡ್ಡ ಬೆಂಕಿ ಹಾಕಬೇಕು. ಬೆಳಿಗ್ಗೆ ದೊಡ್ಡಮ್ಮ ಚಹಾ ಪಾತ್ರೆ ಹೊತ್ತು ಏಣಿನ ಮೇಲಕ್ಕೆ ಹೋದಾಗ ಅಲ್ಲಿ ಆಳೆತ್ತರ ಸೌದೆ ಪೇರಿಸಿತ್ತು. ಅವಳ ಗೂಟಗಳನ್ನು ಕಿತ್ತು ಒಂದು ಮರದಡಿ ರಾಶಿ ಹಾಕಿದ್ದರು. ಕ್ಯಾಮೆರಾಕ್ಕೆ ಅಡ್ಡ ಬರುತ್ತಿದ್ದವಂತೆ. ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಕೆಂಪು ಬಟ್ಟೆಯ ಗೂಟ ಎಲ್ಲಿರುತ್ತೆ ಎಂದು ಅವರ ಹುಡುಗನೊಬ್ಬ ನನಗೇ ಪಾಠ ಹೇಳಿದ.

ದೊಡ್ಡಮ್ಮ ಪಾತ್ರೆ ಇಳಿಸಿದಳು. ಹೋಗಿ ಸೌದೆಯ ರಾಶಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. "ವೆರೊ, ಫೋನು ಸಿಗೋ ದಿಬ್ಬಕ್ಕೆ ಓಡು. ಸಾರ್ಜೆಂಟಿಗೆ ಹೇಳು, ನಾನು ಗೂಟದೊಳಗೆ ಕೂತಿದೀನಿ ಅಂತ," ಎಂದಳು. ಬೂದಿ ಮೈಯಲ್ಲೇ ನಾನು ಓಡಿದೆ. ಇನ್ನೊಂದು ಊರಿನ ಕೆಲಸ ಮುಗಿಸಿ ಬರುತ್ತೇವೆ, ಮಧ್ಯಾಹ್ನವಾಗುತ್ತದೆ, ಅಲ್ಲಿಯವರೆಗೆ ಯಾರೂ ಕಡ್ಡಿ ಗೀರದಿರಲಿ ಎಂದರು ತಂಡದವರು.

ನಾನು ಹಿಂತಿರುಗಿದಾಗ ಡಾರ್ಸಿ ಅವಳೆದುರು ಕುಕ್ಕರಗಾಲಿನಲ್ಲಿ ಕೂತು ಸಮಾಧಾನ ಹೇಳುತ್ತಿದ್ದ. ಇಲ್ಲಿ ಮೂರು ದಿನ ಓಡಾಡಿದ್ದೇವೆ, ಏನೂ ಆಗಲಿಲ್ಲವಲ್ಲ ಎಂದ. ನಿಮ್ಮ ನಂಬಿಕೆಯನ್ನು ಗೌರವಿಸುತ್ತೇನೆ ಎಂದ. ನಂಬಿಕೆ ಎಂಬ ಮಾತನ್ನೂ ನಾನೇ ತಿರುಗಿಸಿ ಹೇಳಿದೆ. ದೊಡ್ಡಮ್ಮ ಅವನ ಮುಖ ನೋಡಲಿಲ್ಲ.

ಆಮೇಲೆ ಮಾವ ಬಂದ. ನಮ್ಮಲ್ಲಿ ಅಣ್ಣ ಬಂದರೆ ತಂಗಿ ಎದ್ದು ದಾರಿ ಬಿಡಬೇಕು, ಎದುರುತ್ತರ ಕೊಡಬಾರದು. ಊರೆಲ್ಲ ನೋಡುತ್ತಿತ್ತು.

"ಏಳು ಮೊದೆಸ್ತಾ. ಬಂದ ಜನರೆದುರು ಮಾನ ಕಳೀಬೇಡ. ನಾನು ಮಾತು ಕೊಟ್ಟಿದೀನಿ," ಎಂದ ಮಾವ.

"ಯಾವ ನೆಲದ ಮೇಲೆ ಮಾತು ಕೊಟ್ಟೆ ಅಣ್ಣ?" ದೊಡ್ಡಮ್ಮನ ದನಿ ಆಗಲೇ ಇಳಿದಿತ್ತು. "ಇದು ಅವ್ವಂದು. ಅವ್ವನಿಂದ ನಂಗೂ ತಂಗೀಗೂ ಬಂದದ್ದು. ನಿಂಗೆ ಕೊಟ್ಟಿದ್ದು ನಾಲಗೆ ಮಾತ್ರ. ಅದನ್ನ ನನ್ನ ಗಂಡ ಸತ್ತ ಜಾಗಕ್ಕೆ ಬೆಂಕಿ ಹಚ್ಚೋಕೆ ಬಳಸಿದೆಯಲ್ಲ."

ಮಾವನ ಮುಖ ಕಪ್ಪಿಟ್ಟಿತು. ಅವನು ತಿರುಗಿ ಇಳಿದುಹೋದ. ಸೈನಿಕರ ವೇಷದ ಹುಡುಗನೊಬ್ಬ ನನ್ನನ್ನು ಬದಿಗೆ ಕರೆದು ಇದು ನಿಜವೇ ಎಂದು ಕೇಳಿದ. ಲಿನೊನನ್ನು ಎಲೆಯಲ್ಲಿ ಸುತ್ತಿ ತಂದದ್ದನ್ನು ಹೇಳಿದೆ. ಅವನು ಟೋಪಿ ಬಿಚ್ಚಿ, ಬಂದೂಕು ಕೆಳಗಿಟ್ಟು ಗುಡ್ಡ ಇಳಿದ. ಅವನ ಹಿಂದೆ ಉಳಿದ ಹುಡುಗರೂ ಇಳಿದರು.

ಬಾಂಬು ತಂಡ ಮೂರು ಗಂಟೆಗೆ ಬಂತು. ಬಿಸಿಲು ನೆತ್ತಿಗೆ ಬಂದು ಇಳಿದಿತ್ತು, ದೊಡ್ಡಮ್ಮ ಮಾತ್ರ ಕೂತಲ್ಲೇ ಇದ್ದಳು. ಸಾರ್ಜೆಂಟ್ ಕೈಹಿಡಿದು ಎಬ್ಬಿಸಿದ. ಎಲ್ಲರನ್ನೂ ದೂರ ಕಳಿಸಿ, ಸೌದೆಯನ್ನು ಒಂದೊಂದಾಗಿ ತೆಗೆಸಿ, ಲೋಹ ಹುಡುಕುವ ಯಂತ್ರ ಹಿಡಿದು ನೋಡಿದರು. ಸೌದೆಯ ಕೆಳಗೆ, ಒಂದು ಗೇಣು ಆಳದಲ್ಲಿ, ಮೊಣಕೈಯುದ್ದದ ಶೆಲ್ಲು ಮಲಗಿತ್ತು. ಪಕ್ಕದಲ್ಲಿ ಇನ್ನೊಂದು. ಬೆಂಕಿ ಹಾಕುವಾಗ ಅದರ ಸುತ್ತ ನಿಲ್ಲಬೇಕಾಗಿದ್ದ ಬೂದಿ ದೆವ್ವಗಳು ನಾವು ಒಂಬತ್ತು ಜನ.

ತಂಡ ಅವನ್ನು ಒಯ್ದ ಮೇಲೆ ಡಾರ್ಸಿ ದೊಡ್ಡಮ್ಮನ ಹತ್ತಿರ ಬಂದ. ಮುಖ ಬಿಳಿಚಿಕೊಂಡಿತ್ತು. ನೀವು ನಮ್ಮ ಜೀವ ಉಳಿಸಿದಿರಿ ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅವನನ್ನು ಮನುಷ್ಯ ಎನ್ನುತ್ತಿದ್ದೆ. ಆಕಾಶದತ್ತ ನೋಡಿ, ಬೆಳಕು ಇನ್ನೂ ಚೆನ್ನಾಗಿದೆ, ಕ್ಯಾಮೆರಾಕ್ಕಾಗಿ ಮತ್ತೆ ಒಂದು ಸಲ ಹಾಗೇ ಕೂರುತ್ತೀರಾ ಆಂಟಿ ಎಂದು ಕೇಳಿದ. ನಾನು ಅದನ್ನು ತಿರುಗಿಸಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅವನ ಕೈಯ ಸನ್ನೆಯಲ್ಲೇ ಅವಳಿಗೆ ತಿಳಿಯಿತು. ಚಹಾ ಪಾತ್ರೆಯಲ್ಲಿ ಬೆಳಗಿನ ಚಹಾ ಹಾಗೇ ತಣ್ಣಗಾಗಿ ಉಳಿದಿತ್ತು. ಅದನ್ನೆತ್ತಿ ಅವನ ಕಾಲ ಮೇಲೆ ಸುರಿದು ಮನೆಗೆ ನಡೆದಳು. ಮರುದಿನದಿಂದ ಅವರ ಅಡುಗೆಗೆ ಯಾವ ಹೆಂಗಸೂ ಹೋಗಲಿಲ್ಲ. ಡಬ್ಬಿ ಮೀನು ತಿಂದುಕೊಂಡು, ಬೆಂಕಿಯ ದೃಶ್ಯವನ್ನು ಹೊಳೆಯ ಮರಳಿನ ಮೇಲೆ ಮುಗಿಸಿ ಹೊರಟುಹೋದರು.

ಮುಂದಿನ ವರ್ಷ ಚಿತ್ರ ಎಲ್ಲರ ಫೋನಿಗೂ ಬಂತು. ಶಾಲೆಯ ಗೋಡೆಗೆ ಬಟ್ಟೆ ಕಟ್ಟಿ ಊರಿಗೆಲ್ಲ ತೋರಿಸಿದರು. ನಮ್ಮ ಬೂದಿ ಮುಖ ಕಂಡಾಗೆಲ್ಲ ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಕತ್ತಲ ಕಾಡಿನಲ್ಲಿ ಕೆಂಪು ಬಟ್ಟೆಯ ಗೂಟಗಳು ಕಂಡವು, ಮಾಟದ ಗುರುತುಗಳಂತೆ. ಹಿಂದೆಯೇ ದೊಡ್ಡಮ್ಮನ ದನಿ: ಅವು ಇನ್ನೂ ನೆಲದೊಳಗೇ ಇದಾವೆ, ಬಿಸಿ ತಾಗಿದ್ರೆ ಎದ್ದೇಳ್ತಾವೆ. ಶೆಲ್ಲಿನ ಮಾತು, ಲಿನೊನ ಮಾತು ಒಂದೂ ಇಲ್ಲ. ಅವಳು ಸೌದೆಗೆ ಬೆನ್ನು ಕೊಟ್ಟು ಕೂತದ್ದನ್ನು ಯಾವುದೋ ಮರದ ಮರೆಯಿಂದ, ಕೇಳದೆ, ಹಿಡಿದಿದ್ದರು. ಅದಕ್ಕೆ ನೀಲಿ ಬಣ್ಣ ಹಾಕಿ, ಕಣ್ಣುಗುಡ್ಡೆ ಬೆಳ್ಳಗೆ ಮಾಡಿ, ಸತ್ತವರನ್ನು ಎಬ್ಬಿಸುವ ಮಾಟಗಾತಿ ಮಾಡಿದ್ದರು.

ನಗು ನಿಂತಿತು. ದೊಡ್ಡಮ್ಮ ಪರದೆಯ ಮೇಲೆ ಕೊನೆಯ ಹೆಸರು ಹೋಗುವವರೆಗೂ ನೋಡಿದಳು. ಮನೆಗೆ ಬಂದು ನನ್ನಿಂದ ಡಾರ್ಸಿಗೆ ಫೋನು ಮಾಡಿಸಿದಳು. ಅವನು ಖುಷಿಯಿಂದಲೇ ಮಾತಾಡಿದ. ಇದು ಬರೀ ಕತೆ, ಯಾರಿಗೂ ನೋವು ಮಾಡುವ ಉದ್ದೇಶವಿಲ್ಲ, ನಿಮ್ಮೂರು ಈಗ ಎಷ್ಟು ಜನಕ್ಕೆ ಗೊತ್ತಾಯಿತು ನೋಡಿ ಎಂದ. ತನ್ನ ದನಿಯನ್ನೂ ಮುಖವನ್ನೂ ತೆಗೆದುಹಾಕಬೇಕೆಂದು ಅವಳು ಹೇಳಿಸಿದಳು. ನಿಮ್ಮಣ್ಣ ಸಹಿ ಹಾಕಿದ ಕಾಗದದಲ್ಲಿ ಅದಕ್ಕೂ ಒಪ್ಪಿಗೆ ಇದೆ ಎಂದ.

ಹಾನಿ ಅಲ್ಲಿಗೇ ಮುಗಿಯಿತೆಂದುಕೊಂಡೆವು. ಇಲ್ಲ. ಚಿತ್ರ ಪಕ್ಕದ ಊರುಗಳಿಗೂ ಹೋಯಿತು. ದೊಡ್ಡಮ್ಮ ದಾರಿಯಲ್ಲಿ ಬಂದರೆ ಮಕ್ಕಳು ಓಡತೊಡಗಿದರು. ದೊಡ್ಡ ಹುಡುಗರು ದೆವ್ವ ನೋಡುತ್ತೇವೆಂದು ಪಂಥ ಕಟ್ಟಿ ಗೂಟ ದಾಟತೊಡಗಿದರು. ಒಂದು ದಿನ ಐದಾರು ಹುಡುಗರು ಕಾಡಿನೊಳಗೆ ತುಕ್ಕು ಹಿಡಿದ ಶೆಲ್ಲನ್ನು ಕಲ್ಲಿನಿಂದ ಕುಟ್ಟುತ್ತಿದ್ದುದು ಅವಳ ಕಣ್ಣಿಗೇ ಬಿತ್ತು. ಅವರನ್ನು ಹೇಗೆ ಹೊರಗೆ ತಂದಳೋ ದೇವರೇ ಬಲ್ಲ. ಹತ್ತು ವರ್ಷ ಅವಳು ಕಟ್ಟಿದ ಭಯವನ್ನು ಡಾರ್ಸಿ ಒಂದೂವರೆ ಗಂಟೆಯ ಚಿತ್ರದಲ್ಲಿ ಆಟ ಮಾಡಿಬಿಟ್ಟ. ನನಗೆ ಅವನ ಮೇಲೆ ಇರುವ ಸಿಟ್ಟು ಇದಕ್ಕೆ.

ಅವಳು ಊರಿನ ಸಭೆ ಕರೆಸಿದಳು. ಅಣ್ಣನ ಮೇಲೆ ದೂರು ಹೇಳುವುದು ಸುಲಭವಲ್ಲ. ಹೇಳಿದಳು. ಹಿರಿಯರು ಬಹಳ ಹೊತ್ತು ಮಾತಾಡಿ ಮಾವ ಒಂದು ಹಂದಿ ದಂಡ ಕೊಡಬೇಕೆಂದರು. ಮಾವ ತಲೆ ತಗ್ಗಿಸಿಕೊಂಡು ತಂದು ಕಟ್ಟಿದ.

"ಹಂದಿ ತಿಂದು ಮರೆಯೋಕೆ ಆಗಲ್ಲಣ್ಣ," ಎಂದಳು ದೊಡ್ಡಮ್ಮ. "ಇನ್ನು ಮೇಲೆ ನೆಲದ ಯಾವ ಕಾಗದಕ್ಕೂ ಮೊದಲು ಹೆಂಗಸರ ಸಹಿ. ಇಲ್ಲೇ ಒಪ್ಪಿಕೋ."

"ಆಯ್ತಮ್ಮ," ಎಂದ ಮಾವ. ಅವನು ಅವಳನ್ನು ಅಮ್ಮ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅದೇ ವಾರ ಪಾದ್ರಿಗಳು ಅದನ್ನು ಬರೆದು, ಹಿರಿಯರಿಂದ ಹೆಬ್ಬೆಟ್ಟು ಹಾಕಿಸಿದರು.

ಈಗ ದೊಡ್ಡಮ್ಮ ಬಾಂಬು ತಂಡದ ಜತೆ ಶಾಲೆಗಳಿಗೆ ಹೋಗುತ್ತಾಳೆ. ಮೊದಮೊದಲು ಮಕ್ಕಳು ಚೀರಿ ಬೆಂಚಿನಡಿ ನುಗ್ಗುತ್ತಿದ್ದರು. ಅವಳು ಸುಮ್ಮನೆ ಹೋಗಿ ಅವರ ಮುಂದೆ ನೆಲದ ಮೇಲೆ ಕೂತು, ಕೇಳದ ಕಿವಿಯನ್ನು ತೋರಿಸುತ್ತಾಳೆ. ಒಬ್ಬೊಬ್ಬರಾಗಿ ಮುಟ್ಟಿ ನೋಡಲು ಬಿಡುತ್ತಾಳೆ. ಆಮೇಲೆ ಲಿನೊನ ಹೆಸರು ಹೇಳಿ ಶುರುಮಾಡುತ್ತಾಳೆ. ಏಣಿನ ಅರ್ಧ ಭಾಗವನ್ನು ತಂಡ ಈ ವರ್ಷ ಅಗೆದು ಮುಗಿಸಿತು. ಮೂವತ್ತೊಂದು ಶೆಲ್ಲು ಸಿಕ್ಕವು.

ಕಳೆದ ತಿಂಗಳು ಡಾರ್ಸಿ ಕಾಗದ ಬರೆದಿದ್ದ. ಎರಡನೆಯ ಭಾಗ ತೆಗೆಯುತ್ತಾನಂತೆ, ಅದೇ ಕಾಡು ಬೇಕಂತೆ. ದೊಡ್ಡಮ್ಮ ನನ್ನಿಂದ ಉತ್ತರ ಬರೆಸಿದಳು. ಕ್ಯಾಮೆರಾ ಬಿಟ್ಟು ಬರಲಿ, ಬಾಂಬು ತಂಡದ ಜತೆ ಒಂದು ತಿಂಗಳು ಶೆಲ್ಲಿನ ಸುತ್ತ ಪೇರಿಸುವ ಮರಳಿನ ಚೀಲ ಹೊರಲಿ, ನಮ್ಮ ಮನೆಯಲ್ಲೇ ಉಣ್ಣಲಿ, ಆಮೇಲೆ ಹೆಂಗಸರು ಕೂತು ಮಾತಾಡುತ್ತೇವೆ ಎಂದು. ಉತ್ತರ ಬರಲಿಲ್ಲ. ಅವನು ಬೇರೆ ದ್ವೀಪ ಹುಡುಕುತ್ತಿದ್ದಾನೆಂದು ಹೊನಿಯಾರಾದಿಂದ ಬಂದವರು ಹೇಳಿದರು. ದೊಡ್ಡಮ್ಮ ಅದು ಯಾವ ದ್ವೀಪ ಎಂದು ವಿಚಾರಿಸುತ್ತಿದ್ದಾಳೆ. ಯಾವ ದ್ವೀಪವಾದರೂ ಅಲ್ಲಿ ನಮ್ಮ ಅವ್ವನ ಕಡೆಯ ನೆಂಟರಿದ್ದಾರೆ, ಅವರಿಗೆ ಮೊದಲೇ ಹೇಳಿ ಕಳಿಸಬೇಕಂತೆ.